ಮಲೆನಾಡಿನ 4ಜಿ ಮೇಲೆ ವೈರ್‌ಗಾರ್ಡ್: ಹಸಿರು ದೀಪ ಉರಿದರೂ ಪೇಜ್ ಬಾರದಿದ್ದಾಗ

ಸಿದ್ದಾಪುರ ತಾಲೂಕಿನಲ್ಲಿ, ಘಟ್ಟದ ಅಂಚಿನ ಒಂದು ಸಹಕಾರಿ ಸಂಘದ ಶಾಖೆಯನ್ನು ಶಿರಸಿಯ ಮುಖ್ಯ ಕಚೇರಿಗೆ ವಿಪಿಎನ್ (ಇಂಟರ್‌ನೆಟ್ ಮೇಲೆಯೇ ಎಳೆದ ಖಾಸಗಿ, ಗುಪ್ತ ಸಂಪರ್ಕ) ಮೂಲಕ ಜೋಡಿಸುವ ಕೆಲಸ ಈ ಮಳೆಗಾಲದಲ್ಲಿ ಅಂತೂ ಮುಗಿಯಿತು. ‘ನೆಟ್‌ವರ್ಕ್ ಸರಿ ಇಲ್ಲ’ ಎಂಬ ಒಂದೇ ದೂರಿನ ಒಳಗೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ತೊಂದರೆಗಳು ಅಡಗಿದ್ದವು. ಒಂದನ್ನು ಬಗೆಹರಿಸಿದ ಮೇಲೆಯೇ ಇನ್ನೊಂದು ಕಾಣಿಸುತ್ತಿತ್ತು. ಇಂಥದೇ ಕೆಲಸಕ್ಕೆ ಕೈ ಹಾಕುವವರಿಗೆ ನೆರವಾಗಲಿ ಎಂದು ಅವು ಎದುರಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ವ್ಯವಸ್ಥೆ ದೊಡ್ಡದೇನಲ್ಲ. ಶಾಖೆಯಲ್ಲಿ ಸಿಮ್ ಹಾಕುವ 4ಜಿ ರೂಟರ್, ಅದರ ಹಿಂದೆ ಗೇಟ್‌ವೇ (ಶಾಖೆಯ ಕಂಪ್ಯೂಟರ್‌ಗಳು ಹೊರಗೆ ಹೋಗುವ ಬಾಗಿಲು) ಆಗಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಮುಖ್ಯ ಕಚೇರಿಯಲ್ಲಿ ಫೈಬರ್ ಸಂಪರ್ಕ. ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಟನಲ್, ಅಂದರೆ ಸುರಂಗದಂಥ ಸಂಪರ್ಕ. ವೈರ್‌ಗಾರ್ಡ್ 2020ರಿಂದ, ಅಂದರೆ ಲಿನಕ್ಸ್ 5.6ರಿಂದ ಅದರ ತಿರುಳಾದ ಕರ್ನೆಲ್‌ನಲ್ಲೇ ಇದೆ, ಹಾಗಾಗಿ ಪೈ ಮೇಲೆ ಬೇರೆ ತಂತ್ರಾಂಶ ಕಟ್ಟುವ ಕೆಲಸವಿಲ್ಲ.

ಮೊದಲ ಅಡ್ಡಿ ಎದುರಾದದ್ದು ಕಾಗದಪತ್ರದಲ್ಲಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಕಂಪನಿಯ ದೊಡ್ಡ ನ್ಯಾಟ್‌ನ (ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ ಎಂದರ್ಥ. ಹೊರಗಿನಿಂದ ಯಾರೂ ನಿಮ್ಮನ್ನು ನೇರವಾಗಿ ಮುಟ್ಟಲಾರರು. ನಮ್ಮಲ್ಲಿ ಎರಡೂ ತುದಿಗಳ ಸ್ಥಿತಿ ಅದೇ. ಅದಕ್ಕಾಗಿ ಸ್ಟ್ಯಾಟಿಕ್ ಐಪಿ (ಬದಲಾಗದ ಸಾರ್ವಜನಿಕ ವಿಳಾಸ) ಇರುವ ಸಿಮ್ ಕೇಳಿದಾಗ ಮೊಬೈಲ್ ಕಂಪನಿ ಸಂಘದ ಪ್ಯಾನ್, ಜಿಎಸ್‌ಟಿ ನೋಂದಣಿ, ವಿಳಾಸದ ದಾಖಲೆ, ಆಡಳಿತ ಮಂಡಳಿಯ ಠರಾವಿನ ನಕಲು, ಸಹಿ ಮಾಡುವವರಿಗೆ ಅಧಿಕಾರ ಕೊಟ್ಟ ಪತ್ರ ಇಷ್ಟನ್ನೂ ಕೇಳಿತು. ಠರಾವು ಮುಂದಿನ ಸಭೆಯಲ್ಲೇ ಆಗಬೇಕು, ಸಭೆಯ ನೋಟಿಸಿಗೆ ಅದರದೇ ಅವಧಿ ಉಂಟು. ಕಾಯುವ ಬದಲು ಮುಂಬೈ ಡೇಟಾ ಸೆಂಟರ್‌ನಲ್ಲಿ ಒಂದು ಸಣ್ಣ ವಿಪಿಎಸ್ (ಸ್ವಂತ ಸಾರ್ವಜನಿಕ ವಿಳಾಸವಿರುವ ಸರ್ವರ್) ಬಾಡಿಗೆಗೆ ಹಿಡಿದದ್ದಾಯಿತು. ಶಾಖೆಯೂ ಕಚೇರಿಯೂ ತಾವಾಗಿ ಅದಕ್ಕೆ ಕರೆ ಮಾಡುತ್ತವೆ, ಅದು ನಡುವೆ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕುಗಳನ್ನು ದಾಟಿಸುತ್ತದೆ. ತಿಂಗಳಿಗೆ ತೆರಿಗೆ ಸೇರಿ ಐನೂರು ರೂಪಾಯಿಯ ಆಸುಪಾಸು. ಈಗ ನೋಡಿದರೆ ಸ್ಟ್ಯಾಟಿಕ್ ಐಪಿಯ ಅಗತ್ಯವೇ ಇರಲಿಲ್ಲ. ಸಿಮ್ ಕಂಪನಿ ಬದಲಿಸಿದರೂ ಈ ಏರ್ಪಾಡು ಹಾಗೇ ನಡೆಯುತ್ತದೆ.

‘ವಿಪಿಎನ್ ಹಾಕಿದರೆ ಸರ್ಕಾರಕ್ಕೆ ಐದು ವರ್ಷದ ದಾಖಲೆ ಇಟ್ಟುಕೊಡಬೇಕಂತಲ್ಲ?’ ಎಂಬ ಪ್ರಶ್ನೆ ಸಭೆಯಲ್ಲಿ ಬಂದೇ ಬರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿರುವ ಆ ಷರತ್ತು ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರುವವರಿಗೆ. ಸಂಸ್ಥೆಯೊಳಗಿನ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ ಎಂದು ನಂತರದ ವಿವರಣೆಯಲ್ಲಿ ಹೇಳಿದ್ದಾರೆ. ಅದರ ಒಂದು ಮುದ್ರಿತ ಪ್ರತಿ ಕಡತದಲ್ಲಿರಲಿ.

ಟನಲ್ ಹಾಕುವ ಮೊದಲೇ ಬರಿಯ ಲಿಂಕನ್ನು ಅಳೆಯಬೇಕು. ಇದನ್ನು ಬಿಟ್ಟರೆ ಮುಂದೆ ಏನು ಕೆಟ್ಟರೂ ವಿಪಿಎನ್‌ನ ತಲೆಗೇ ಕಟ್ಟುತ್ತಾರೆ. ಸೆಕೆಂಡಿಗೆ ಐದರಂತೆ ಹತ್ತು ನಿಮಿಷ ವಿಪಿಎಸ್‌ಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಪ್ಯಾಕೆಟ್) ಕಳಿಸಿ: ಮೂರು ಸಾವಿರ ಪ್ಯಾಕೆಟ್ ಆಗುತ್ತದೆ, ಶೇಕಡಾ ಒಂದರ ನಷ್ಟವೂ ಕಾಣುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಏಳರ ಹೊತ್ತಿಗೆ ಒಮ್ಮೆ, ಮಳೆ ಹೊಡೆಯುವಾಗ ಒಮ್ಮೆ ಮಾಡಿ ಬರೆದಿಡಿ. ದಾರಿಯ ಪ್ರತಿ ರೂಟರ್‌ನ ನಷ್ಟ ತೋರಿಸುವ ಎಂಟಿಆರ್ ಓಡಿಸುವವರಿಗೆ ಒಂದು ಮಾತು: ನಡುವಿನ ಯಾವುದೋ ರೂಟರ್ ಮುಂದೆ ಶೇಕಡಾ 60 ನಷ್ಟ ಎಂದು ಕಂಡು, ಅದರ ಮುಂದಿನವುಗಳಲ್ಲಿ ನಷ್ಟ ಇಲ್ಲದಿದ್ದರೆ ಗಾಬರಿ ಬೇಡ. ಆ ರೂಟರ್ ನಿಮ್ಮ ಪ್ರಶ್ನೆಗೆ ಉತ್ತರಿಸಲು ಸೋಮಾರಿ, ಅಷ್ಟೆ. ನಷ್ಟ ಕೊನೆಯ ಸಾಲಿನವರೆಗೂ ಮುಂದುವರಿದರೆ ಮಾತ್ರ ಲೆಕ್ಕಕ್ಕೆ.

ಮೊಬೈಲಿನ ಕಡ್ಡಿಗಳನ್ನು ನಂಬಬೇಡಿ. ರೂಟರ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಮತ್ತು ಎಸ್‌ಐಎನ್‌ಆರ್ ಎಂಬ ಎರಡು ಅಂಕಿ ಇರುತ್ತವೆ. ಮೊದಲನೆಯದು ಸಿಗ್ನಲ್‌ನ ಬಲ: −80ರ ಆಸುಪಾಸು ಚೆನ್ನ, −110 ದಾಟಿದರೆ ಕಷ್ಟ. ಎರಡನೆಯದು ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಶುದ್ಧ ಎಂಬುದು: 20ರ ಮೇಲೆ ಉತ್ತಮ, ಸೊನ್ನೆಯ ಹತ್ತಿರ ಬಂದರೆ ಪ್ಯಾಕೆಟ್ ಬೀಳತೊಡಗುತ್ತದೆ. ನಮ್ಮದು −114 ಮತ್ತು 1. ರೂಟರ್ ತಾನಾಗಿ 2300 ಮೆಗಾಹರ್ಟ್ಸ್‌ನ ಬ್ಯಾಂಡ್ 40 ಹಿಡಿಯುತ್ತಿತ್ತು. ವೇಗ ಪರೀಕ್ಷೆಯಲ್ಲಿ ಒಮ್ಮೊಮ್ಮೆ 30 ಎಂಬಿಪಿಎಸ್ ತೋರಿಸಿ ಮರುಗಳಿಗೆಯಲ್ಲೇ ಕಡಿದುಕೊಳ್ಳುತ್ತಿತ್ತು. 850 ಮೆಗಾಹರ್ಟ್ಸ್‌ನ ಬ್ಯಾಂಡ್ 5ಕ್ಕೆ ಲಾಕ್ ಮಾಡಿದ ಮೇಲೆ ವೇಗ ಆರೇಳಕ್ಕೆ ಇಳಿಯಿತು, ಆದರೆ ನಿಂತಿತು. ಲೆಕ್ಕದ ತಂತ್ರಾಂಶಕ್ಕೆ ನಿಲ್ಲುವ 6 ಎಂಬಿಪಿಎಸ್ ಧಾರಾಳ.

ಆಂಟೆನಾವನ್ನು ಸೂರಿನ ಮೇಲೆ ಜಿಐ ಪೈಪಿಗೆ ಕಟ್ಟಿ ಹತ್ತು ಮೀಟರ್ ತೆಳು ಕೇಬಲ್ ಎಳೆಯುವವರನ್ನು ಕಂಡಿದ್ದೇನೆ. ಆರ್‌ಜಿ 58 ಕೇಬಲ್ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬಲ್, 850ರಲ್ಲಿ ಅರ್ಧ ಡೆಸಿಬಲ್‌ನ ಆಸುಪಾಸು ನುಂಗುತ್ತದೆ, ಆಂಟೆನಾದಲ್ಲಿ ಗಳಿಸಿದ್ದು ಕೇಬಲಿನಲ್ಲಿ ಹೋಯಿತು. ರೂಟರನ್ನೇ ಮೇಲೆ, ನೀರು ತಾಗದ ಡಬ್ಬಿಯಲ್ಲಿಟ್ಟು ಕೆಳಗೆ ಈಥರ್‌ನೆಟ್ ಇಳಿಸಿ. ಅದು 100 ಮೀಟರ್‌ವರೆಗೆ ನಡೆಯುತ್ತದೆ.

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎಂಬ ಮಾತು ಅರ್ಧ ಸತ್ಯ. 10 ಗಿಗಾಹರ್ಟ್ಸ್‌ಗಿಂತ ಕೆಳಗೆ ಮಳೆಹನಿಯಿಂದ ಆಗುವ ನಷ್ಟ ನಗಣ್ಯ. ತೊಂದರೆ ಕೊಡುವುದು ದಾರಿಯಲ್ಲಿರುವ ಒದ್ದೆ ಎಲೆಗಳು, ಕರೆಂಟು ಹೋಗಿ ಬ್ಯಾಟರಿ ಇಳಿದ ಟವರ್, ಮತ್ತು ಟವರಿನಿಂದ ಟವರಿಗೆ ಇರುವ ಹೆಚ್ಚು ಕಂಪನಾಂಕದ ಮೈಕ್ರೋವೇವ್ ಕೊಂಡಿ. ಮೊದಲನೆಯದಕ್ಕೆ ಎತ್ತರವೂ ಕಡಿಮೆ ಕಂಪನಾಂಕದ ಬ್ಯಾಂಡೂ ಮದ್ದು. ಉಳಿದ ಎರಡಕ್ಕೆ ನಿಮ್ಮ ಕೈಯಲ್ಲಿ ಏನೂ ಇಲ್ಲ, ಬೇರೆ ಕಂಪನಿಯ ಎರಡನೇ ಸಿಮ್ ಒಂದೇ ದಾರಿ.

ಲಿಂಕ್ ಒಂದು ಹದಕ್ಕೆ ಬಂದ ಮೇಲೆ ಟನಲ್ ಎದ್ದಿತು. ಹ್ಯಾಂಡ್‌ಶೇಕ್ (ಎರಡೂ ತುದಿ ಪರಸ್ಪರ ಗುರುತಿಸುವ ಮೊದಲ ಮಾತುಕತೆ) ಆಗಿದೆ, ಪಿಂಗ್ ಹೋಗುತ್ತಿದೆ. ಶಾಖೆಯಿಂದ ಫೋನು: ‘ಸರ್, ಹಸಿರು ದೀಪ ಉರೀತಾ ಇದೆ, ಲಾಗಿನ್ ಪೇಜ್ ಮಾತ್ರ ಸುತ್ತುತ್ತಾನೇ ಇದೆ.’ ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ‘-ವಿ’ ಹಾಕಿ ನೋಡಿದರೆ ‘ಎಕ್ಸ್‌ಪೆಕ್ಟಿಂಗ್ … ಕೆಇಎಕ್ಸ್_ಇಸಿಡಿಎಚ್_ರಿಪ್ಲೈ’ ಎಂಬ ಸಾಲಿನಲ್ಲಿ ನಿಂತಿದೆ. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಬೇರೆ ಏನನ್ನೂ ಹುಡುಕಬೇಡಿ, ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ) ನೋಡಿ. ಕಾಲುಸಂಕದ ಮೇಲೆ ಆಳು ದಾಟುತ್ತದೆ, ಗಾಡಿ ದಾಟುವುದಿಲ್ಲ: ಸಣ್ಣ ಪಿಂಗ್ ಹೋಗುತ್ತದೆ, ತುಂಬಿದ ಪ್ಯಾಕೆಟ್ ಎಲ್ಲೋ ಬಿದ್ದುಹೋಗುತ್ತದೆ.

ಲೆಕ್ಕ ಹೀಗೆ. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್ಟಿಗೆ ತನ್ನದು 32 ಬೈಟ್ ಸೇರಿಸುತ್ತದೆ. ಅದರ ಮೇಲೆ ಅದನ್ನು ಹೊತ್ತೊಯ್ಯುವ ಯುಡಿಪಿಯ ಹೆಡರ್‌ಗೆ 8, ಐಪಿವಿ4 ವಿಳಾಸದ ಹೆಡರ್‌ಗೆ 20, ಒಟ್ಟು 60. ಹೊರಗಿನದು ಐಪಿವಿ6 ಆದರೆ 80. ಅದಕ್ಕೇ ಅದರ ಪೂರ್ವನಿಗದಿತ ಎಂಟಿಯು 1500ರಲ್ಲಿ 80 ಕಳೆದ 1420. ಆದರೆ ಇದು ದಾರಿಯುದ್ದಕ್ಕೂ 1500 ಇದೆ ಎಂದು ನಂಬಿ ಇಟ್ಟ ಅಂಕಿ. ಮೊಬೈಲ್ ಜಾಲ ತನ್ನೊಳಗೂ ಪ್ಯಾಕೆಟ್ಟನ್ನು ಇನ್ನೊಂದು ಹೊದಿಕೆಯಲ್ಲಿ ಸಾಗಿಸುತ್ತದೆ, ಎಷ್ಟೋ ಕಡೆ ಐಪಿವಿ4 ಅನ್ನು ಐಪಿವಿ6ಕ್ಕೆ ಬದಲಿಸಿ ಕಳಿಸುತ್ತದೆ, ಅಲ್ಲಿ ಇನ್ನೂ 20 ಬೈಟ್. ಹೊರಗಿನ ಪ್ಯಾಕೆಟ್ ದೊಡ್ಡದಾದರೆ ದಾರಿಯಲ್ಲಿ ತುಂಡು ಮಾಡಬಹುದಲ್ಲ ಎಂದರೆ, ಮಾಡಬಹುದು. ಆದರೆ ಪೋರ್ಟ್ ಸಂಖ್ಯೆ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಮಿಕ್ಕ ತುಂಡು ಯಾರದ್ದೆಂದು ತಿಳಿಯದೆ ಕೆಲವು ನ್ಯಾಟ್‌ಗಳು ಅದನ್ನು ಎಸೆದುಬಿಡುತ್ತವೆ. ಎಸೆದೆ ಎಂದು ಯಾರಿಗೂ ತಿಳಿಸುವುದಿಲ್ಲ.

ಅಳೆಯುವುದು ಟನಲ್‌ನ ಹೊರಗೆ, ಪೈಯಿಂದ ವಿಪಿಎಸ್‌ನ ಸಾರ್ವಜನಿಕ ವಿಳಾಸಕ್ಕೆ. ಲಿನಕ್ಸ್‌ನಲ್ಲಿ ‘ಪಿಂಗ್ -ಎಂ ಡು -ಎಸ್ 1472’ (ಎಂ ದೊಡ್ಡಕ್ಷರ, ಎಸ್ ಚಿಕ್ಕದು), ವಿಂಡೋಸ್‌ನಲ್ಲಿ ‘ಪಿಂಗ್ -ಎಫ್ -ಎಲ್ 1472’. 1472ಕ್ಕೆ ಹೆಡರ್‌ನ 28 ಸೇರಿ 1500. ‘ಮೆಸೇಜ್ ಟೂ ಲಾಂಗ್’ ಎಂಬ ಉತ್ತರ ಬಂದರೆ ಒಳ್ಳೆಯದೇ, ದಾರಿ ತನ್ನ ಅಳತೆ ಹೇಳುತ್ತಿದೆ ಎಂದಾಯಿತು. ನಮಗೆ ಉತ್ತರವೇ ಇಲ್ಲ. ಇಳಿಸುತ್ತಾ ಬಂದರೆ 1373ಕ್ಕೆ ಮೌನ, 1372ಕ್ಕೆ ಉತ್ತರ. ಅಂದರೆ ದಾರಿಯ ಎಂಟಿಯು 1400. ಅದರಲ್ಲಿ 60 ಕಳೆದು 1340 ಇಡಬಹುದಿತ್ತು. ಇಟ್ಟದ್ದು 1280. ಸಿಮ್ ಬದಲಾದರೆ, ಟವರ್ ಬದಲಾದರೆ, ಹೊರಗಿನ ದಾರಿ ಐಪಿವಿ6 ಆದರೆ ಮತ್ತೆ ಅಳೆಯುತ್ತಾ ಕೂರಬಾರದು ಎಂದು. 1280 ಎಂಬುದು ಐಪಿವಿ6 ಒಪ್ಪುವ ಕನಿಷ್ಠ, ಅದಕ್ಕಿಂತ ಕೆಳಗೆ ಇಳಿಸಬೇಡಿ. 1340ಕ್ಕೆ ಹೋಲಿಸಿದರೆ ಆಗುವ ನಷ್ಟ ಅರ್ಧ ಶೇಕಡಾಕ್ಕೂ ಕಡಿಮೆ.

ಈ ಅಂಕಿಯನ್ನು ಶಾಖೆ, ವಿಪಿಎಸ್, ಕಚೇರಿ ಮೂರೂ ಕಡೆ ಹಾಕಬೇಕು. ಒಂದು ಕಡೆ ಮಾತ್ರ ಹಾಕಿದರೆ ಅಪ್‌ಲೋಡ್ ಸರಿಹೋಗಿ ಡೌನ್‌ಲೋಡ್ ನಿಲ್ಲುತ್ತದೆ, ಮತ್ತೆ ಹೊಸ ಗೊಂದಲ. ಇದರ ಜೊತೆಗೆ ವಿಪಿಎಸ್‌ನಲ್ಲಿಯೂ ಪೈಯಲ್ಲಿಯೂ ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಮ್ಯಾಂಗಲ್ ಕೋಷ್ಟಕದ ಫಾರ್ವರ್ಡ್ ಸಾಲಿನಲ್ಲಿ ಟಿಸಿಪಿಎಂಎಸ್‌ಎಸ್ ಕ್ಲ್ಯಾಂಪ್ ಹಾಕಿ. ಪೈಯ ಹಿಂದೆ ಇರುವ ಕಂಪ್ಯೂಟರ್‌ಗಳು ಒಂದು ಪ್ಯಾಕೆಟ್ಟಿನಲ್ಲಿ 1460 ಬೈಟ್ ಮಾಹಿತಿ ಹಿಡಿಯುತ್ತದೆ ಎಂದು ಹೇಳಿಕೊಂಡರೂ ಅದು 1240ಕ್ಕೆ ತಿದ್ದುತ್ತದೆ. ಕೊನೆಗೆ ಟನಲ್‌ನ ಒಳಗೆ ಅದೇ ಪಿಂಗ್: 1252 ಹೋಗಬೇಕು, 1253ಕ್ಕೆ ‘ಟೂ ಲಾಂಗ್’ ಬರಬೇಕು.

‘ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬರ್ತಿತ್ತು, ಹೊಸದರಲ್ಲಿ ಇಲ್ಲ’ ಎಂಬ ದೂರಿಗೂ ಕಾರಣ ಇದೇ. ಈಗಿನ ಬ್ರೌಸರ್‌ಗಳು ಮತ್ತು ಓಪನ್‌ಎಸ್‌ಎಸ್‌ಎಚ್ 9.0ರಿಂದ ಮುಂದಿನವು ಕ್ವಾಂಟಂ ಕಂಪ್ಯೂಟರಿಗೂ ಜಗ್ಗದ ಕೀಲಿ ವಿನಿಮಯ ಬಳಸುತ್ತವೆ. ಮೊದಲು 32 ಬೈಟ್ ಇದ್ದ ಸಾರ್ವಜನಿಕ ಕೀಲಿಯ ಜೊತೆ ಈಗ ಸಾವಿರದ ನೂರಕ್ಕೂ ಮೇಲ್ಪಟ್ಟ ಬೈಟ್. ಹಾಗಾಗಿ ಮೊದಲ ಮಾತಿನಲ್ಲೇ ತುಂಬಿದ ಪ್ಯಾಕೆಟ್ ಹೊರಡುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ.

ಮುಂದಿನದು ಸುಲಭದ್ದು. ಶಾಖೆಯವರು ಕೆಲಸ ಮಾಡುತ್ತಿರುವಷ್ಟು ಹೊತ್ತು ಎಲ್ಲ ಸರಿ. ಊಟದ ಬಿಡುವಿನ ನಂತರ ಕಚೇರಿಯಿಂದ ಶಾಖೆಯ ಪ್ರಿಂಟರ್‌ಗೆ ಹೋಗುವುದಿಲ್ಲ, ಶಾಖೆಯವರು ಏನಾದರೂ ಒತ್ತಿದ ಕೂಡಲೇ ಹೋಗುತ್ತದೆ. ಸುಮ್ಮನಿದ್ದ ಯುಡಿಪಿ ಸಂಪರ್ಕವನ್ನು ನ್ಯಾಟ್ ಮರೆತುಬಿಡುವುದು ಇದಕ್ಕೆ ಕಾರಣ. ಕೆಲವು ನ್ಯಾಟ್‌ಗಳು ಅರ್ಧ ನಿಮಿಷದಲ್ಲೇ ಮರೆಯುತ್ತವೆ. ಶಾಖೆ ಮತ್ತು ಕಚೇರಿಯ ಸಂರಚನೆಯಲ್ಲಿ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್ = 25’ ಎಂಬ ಒಂದು ಸಾಲು ಸಾಕು, ವಿಪಿಎಸ್‌ನಲ್ಲಿ ಬೇಡ. ಡೇಟಾ ಖರ್ಚಾಗುತ್ತದೆಂಬ ಚಿಂತೆಗೆ ಲೆಕ್ಕ: 60 ಬೈಟಿನ ಪ್ಯಾಕೆಟ್ ದಿನಕ್ಕೆ 3456 ಸಲ, ಸುಮಾರು 207 ಕೆಬಿ. ಎರಡು ನಿಮಿಷಕ್ಕೊಮ್ಮೆ ಆಗುವ ಹ್ಯಾಂಡ್‌ಶೇಕ್ ಸೇರಿಸಿದರೂ ತಿಂಗಳಿಗೆ 15 ಎಂಬಿ ಒಳಗೆ.

ತಲೆ ತಿಂದದ್ದು ಇದರ ನಂತರದ್ದು. ಗುಡುಗು ಮಳೆಗೆ ಕರೆಂಟು ಹೋಗಿ ಬರುತ್ತದೆ. ರೂಟರ್ ಏಳುತ್ತದೆ, ಪೈ ಏಳುತ್ತದೆ, ಇಂಟರ್‌ನೆಟ್ ಇದೆ, ಟನಲ್ ಮಾತ್ರ ಏಳುವುದಿಲ್ಲ. ಅರ್ಧ ಗಂಟೆ, ಕೆಲವೊಮ್ಮೆ ಮುಕ್ಕಾಲು ಗಂಟೆ ಬಿಟ್ಟು ಯಾರೂ ಮುಟ್ಟದೆ ತಾನಾಗಿ ಸರಿಯಾಗುತ್ತದೆ. ಎಲ್ಲರೂ ಟವರಿನ ಮೇಲೆ ಹಾಕಿದರು. ವೈರ್‌ಗಾರ್ಡ್‌ನ ಸ್ಥಿತಿ ತೋರಿಸುವ ‘ಡಬ್ಲ್ಯುಜಿ ಶೋ’ ನೋಡಿದರೆ ಶಾಖೆಯಿಂದ ಕಳಿಸಿದ ಬೈಟ್ ಏರುತ್ತಿದೆ, ಬಂದದ್ದು ಸೊನ್ನೆ. ವಿಪಿಎಸ್‌ನಲ್ಲಿ ಬಂದು ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿದರೆ 148 ಬೈಟಿನ ಹ್ಯಾಂಡ್‌ಶೇಕ್ ಕೋರಿಕೆ ಐದು ಸೆಕೆಂಡಿಗೊಮ್ಮೆ ಬಂದು ಮುಟ್ಟುತ್ತಿದೆ, 92 ಬೈಟಿನ ಉತ್ತರ ಹೊರಡುತ್ತಲೇ ಇಲ್ಲ. ಪ್ಯಾಕೆಟ್ ಬಂದು ತಲುಪುತ್ತಿದೆ ಎಂದಾದರೆ ಟವರಿನ ತಪ್ಪಲ್ಲ.

ವೈರ್‌ಗಾರ್ಡ್ ಒಪ್ಪದ ಪ್ಯಾಕೆಟ್ಟಿಗೆ ಉತ್ತರಿಸುವುದಿಲ್ಲ, ದಾಖಲೆಯನ್ನೂ ಬರೆಯುವುದಿಲ್ಲ. ಅದು ಬೇಕೆಂದೇ ಮಾಡಿದ ವಿನ್ಯಾಸ. ಬಾಯಿ ಬಿಡಿಸಲು ಕರ್ನೆಲ್‌ನ ಡೈನಾಮಿಕ್ ಡಿಬಗ್‌ನಲ್ಲಿ ‘ಮಾಡ್ಯೂಲ್ ವೈರ್‌ಗಾರ್ಡ್ +ಪಿ’ ಎಂದು ಬರೆಯಬೇಕು. ಆಮೇಲೆ ಕರ್ನೆಲ್‌ನ ದಾಖಲೆ ತೋರಿಸುವ ಡಿಮೆಸೇಜ್‌ನಲ್ಲಿ ‘ಇನ್‌ವ್ಯಾಲಿಡ್ ಹ್ಯಾಂಡ್‌ಶೇಕ್ ಇನಿಶಿಯೇಶನ್’ ಎಂದು ಸಾಲುಸಾಲಾಗಿ ಬಂತು. ಕೀಲಿ ಬದಲಾಗಿಲ್ಲ, ಅಂದಮೇಲೆ ಉಳಿದದ್ದು ಸಮಯ.

ಪ್ರತಿ ಹ್ಯಾಂಡ್‌ಶೇಕ್ ಕೋರಿಕೆಯೊಳಗೆ ಕಳಿಸುವವರ ಗಡಿಯಾರದ ಮುದ್ರೆ ಇರುತ್ತದೆ. ಯಾರೋ ಹಳೆಯ ಪ್ಯಾಕೆಟ್ಟನ್ನು ಕದ್ದಿಟ್ಟು ಮತ್ತೆ ಕಳಿಸಬಾರದು ಎಂದು, ಎದುರಿನವರು ಆ ಪೀರ್‌ನಿಂದ (ಟನಲ್‌ನ ಇನ್ನೊಂದು ತುದಿಯಿಂದ) ಕೊನೆಗೆ ಬಂದ ಸಮಯವನ್ನು ನೆನಪಿಟ್ಟು ಅದಕ್ಕಿಂತ ಹಿಂದಿನದನ್ನು ತಳ್ಳಿಹಾಕುತ್ತಾರೆ. ಎರಡೂ ಗಡಿಯಾರ ಹೊಂದಬೇಕೆಂದಿಲ್ಲ, ಹಿಂದಕ್ಕೆ ಹೋಗಬಾರದು, ಅಷ್ಟೆ. ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಫೇಕ್-ಎಚ್‌ಡಬ್ಲ್ಯುಕ್ಲಾಕ್ ಎಂಬ ಸಣ್ಣ ಪ್ರೋಗ್ರಾಂ ಗಂಟೆಗೊಮ್ಮೆ ಸಮಯವನ್ನು ಕಾರ್ಡಿನಲ್ಲಿ ಬರೆದಿಡುತ್ತದೆ. ಕರೆಂಟು ಹಠಾತ್ತನೆ ಹೋದರೆ ಪೈ ಎದ್ದಾಗ ಆ ಹಳೆಯ ಸಮಯದಿಂದ ಶುರು. 3:05ಕ್ಕೆ ಬರೆದಿಟ್ಟು 3:50ಕ್ಕೆ ಕರೆಂಟು ಹೋದರೆ, ಪೈಯ ಗಡಿಯಾರ ಮತ್ತೆ 3:50 ಮುಟ್ಟುವ ತನಕ ಮುಕ್ಕಾಲು ಗಂಟೆ ವಿಪಿಎಸ್ ಅದನ್ನು ಒಳಗೆ ಬಿಡುವುದಿಲ್ಲ.

ಜಾಲದಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಇದನ್ನು ಒಂದೇ ನಿಮಿಷದಲ್ಲಿ ತಿದ್ದಬೇಕಿತ್ತಲ್ಲ? ಎನ್‌ಟಿಪಿ ಸರ್ವರ್‌ನ ಹೆಸರು ಬಿಡಿಸಿ ಐಪಿ ವಿಳಾಸ ಪಡೆಯಲು ಡಿಎನ್‌ಎಸ್ ಬೇಕು. ಪೈಯ ಡಿಎನ್‌ಎಸ್ ಇದ್ದದ್ದು ಮುಖ್ಯ ಕಚೇರಿಯಲ್ಲಿ, ಟನಲ್‌ನ ಆಚೆ. ಟನಲ್ ಏಳಲು ಸಮಯ ಬೇಕು, ಸಮಯ ಸಿಗಲು ಟನಲ್ ಬೇಕು.

ಖಚಿತಪಡಿಸಿಕೊಳ್ಳುವ ಸುಲಭ ದಾರಿ: ವಿಪಿಎಸ್‌ನಲ್ಲಿ ಆ ಪೀರ್ ತೆಗೆದು ಮತ್ತೆ ಸೇರಿಸಿ. ನೆನಪಿಟ್ಟ ಸಮಯ ಅಳಿಸಿಹೋಗಿ ತಕ್ಷಣ ಹ್ಯಾಂಡ್‌ಶೇಕ್ ಆದರೆ ರೋಗ ಇದೇ. ಪರಿಹಾರ ಎರಡು, ಎರಡನ್ನೂ ಮಾಡಿ. ಪೈಯ ಸ್ವಂತ ಡಿಎನ್‌ಎಸ್ ಮತ್ತು ಎನ್‌ಟಿಪಿ ಟನಲ್‌ನ ಹೊರಗೇ ಹೋಗಲಿ, ವಿಪಿಎಸ್‌ನ ಎಂಡ್‌ಪಾಯಿಂಟನ್ನು ಹೆಸರಿನ ಬದಲು ಐಪಿ ಸಂಖ್ಯೆಯಲ್ಲೇ ಬರೆಯಿರಿ. ಎರಡನೆಯದು ಡಿಎಸ್ 3231 ಗಡಿಯಾರದ ಚಿಕ್ಕ ಮಾಡ್ಯೂಲ್, ಇನ್ನೂರು ರೂಪಾಯಿಯ ಆಸುಪಾಸು. 3.3 ವೋಲ್ಟ್, ಗ್ರೌಂಡ್, ಎಸ್‌ಡಿಎ, ಎಸ್‌ಸಿಎಲ್ ನಾಲ್ಕೇ ತಂತಿ. ಬೂಟ್ ಸಂರಚನೆಯಲ್ಲಿ ‘ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231’ ಸೇರಿಸಿ ಫೇಕ್-ಎಚ್‌ಡಬ್ಲ್ಯುಕ್ಲಾಕ್ ತೆಗೆದುಹಾಕಿ. ಅಗ್ಗದ ಮಾಡ್ಯೂಲ್‌ಗಳಲ್ಲಿ ಚಾರ್ಜಿಂಗ್ ಸರ್ಕಿಟ್ ಇರುತ್ತದೆ. 5 ವೋಲ್ಟ್ ಕೊಟ್ಟು ಸಾದಾ ಸಿಆರ್ 2032 ಸೆಲ್ ಹಾಕಿದರೆ ಚಾರ್ಜ್ ಆಗಬಾರದ ಸೆಲ್ಲಿಗೆ ಚಾರ್ಜ್ ಹೋಗುತ್ತದೆ, ಆದ್ದರಿಂದ 3.3ಕ್ಕೇ ಜೋಡಿಸಿ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು. ಮೇಲೆ ಹೇಳಿದ 2022ರ ನಿರ್ದೇಶನ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗೆ ಹೊಂದಿಸಿ ಎನ್ನುತ್ತದೆ, ಇದೇ ಹೊತ್ತಿಗೆ ಅದನ್ನೂ ಮುಗಿಸಿಬಿಡಿ.

ಉಳಿದದ್ದು ವೇಗ. ಶೇಕಡಾ ಒಂದು ನಷ್ಟ ಏನು ಮಹಾ ಎನ್ನುವವರಿಗೆ: ಹೋಗಿ ಬರಲು 80 ಮಿಲಿಸೆಕೆಂಡು, ನೂರಕ್ಕೊಂದು ಪ್ಯಾಕೆಟ್ ನಷ್ಟ ಎಂದಾದರೆ ಹಳೆಯ ಪದ್ಧತಿಯ ಒಂದು ಟಿಸಿಪಿ ಸಂಪರ್ಕ (ತಲುಪಿತೇ ಎಂದು ನೋಡಿ, ಬಿದ್ದದ್ದನ್ನು ಮತ್ತೆ ಕಳಿಸುವ ವಿಧಾನ) ಹೆಚ್ಚೆಂದರೆ ಒಂದೂವರೆಯಿಂದ ಒಂದೂಮುಕ್ಕಾಲು ಎಂಬಿಪಿಎಸ್ ಎಳೆಯುತ್ತದೆ, ಲಿಂಕ್ ಎಷ್ಟೇ ಅಗಲವಿರಲಿ. ಪ್ರತಿ ನಷ್ಟವನ್ನೂ ಅದು ದಟ್ಟಣೆ ಎಂದು ತಿಳಿದು ವೇಗ ತಗ್ಗಿಸುತ್ತದೆ. ಕಳಿಸುವ ಸರ್ವರ್‌ನಲ್ಲಿ ಬಿಬಿಆರ್ ಎಂಬ ಹೊಸ ವೇಗ ನಿಯಂತ್ರಣ ಪದ್ಧತಿ ಆರಿಸಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಲಿನಕ್ಸ್ 4.9ರಿಂದ ಅದು ಕರ್ನೆಲ್‌ನಲ್ಲೇ ಇದೆ. ಹಿಂದೆ ಸಂಘದಲ್ಲಿದ್ದ ವಿಪಿಎನ್ ಟಿಸಿಪಿ 443ರ ಮೇಲೆ ಓಡುತ್ತಿತ್ತು. ಒಳಗೂ ಟಿಸಿಪಿ, ಹೊರಗೂ ಟಿಸಿಪಿ. ಒಂದು ಪ್ಯಾಕೆಟ್ ಬಿದ್ದರೆ ಇಬ್ಬರೂ ಮತ್ತೆ ಕಳಿಸುತ್ತಾರೆ, ಇಬ್ಬರೂ ಕಾಯುತ್ತಾರೆ. ಕೆಟ್ಟ ಲಿಂಕಿನ ಮೇಲೆ ಇದನ್ನು ಹಾಕಲೇಬಾರದು, ಯುಡಿಪಿ ಪೂರ್ತಿ ಮುಚ್ಚಿದ ಜಾಲದಲ್ಲಿ ಬೇರೆ ಗತಿಯಿಲ್ಲದಾಗ ಮಾತ್ರ.

ದೂರದಿಂದ ಪೈಯನ್ನು ನೋಡಿಕೊಳ್ಳುವವರಿಗೆ ಎಸ್‌ಎಸ್‌ಎಚ್‌ನಲ್ಲಿ ‘ಸರ್ವರ್‌ಅಲೈವ್‌ಇಂಟರ್‌ವಲ್ 30’, ‘ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 6’ ಇಟ್ಟರೆ ಮೂರು ನಿಮಿಷದ ಕಡಿತವನ್ನು ತಾಳಿಕೊಳ್ಳುತ್ತದೆ. ಲಿಂಕ್ ಬಂದರೂ ಪರದೆ ಅಲುಗದಿದ್ದರೆ ಗಾಬರಿಯಾಗಬೇಡಿ. ಟಿಸಿಪಿ ಪ್ರತಿ ಸೋಲಿನ ನಂತರ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತಾ ಎರಡು ನಿಮಿಷದವರೆಗೂ ಒಯ್ಯುತ್ತದೆ. ಎಸ್‌ಎಸ್‌ಎಚ್‌ಗೆ ಬದಲಿಯಾದ ಮಾಶ್ ಬಳಸಿದರೆ ಈ ಕಾಯುವಿಕೆ ಇಲ್ಲ, ಯುಡಿಪಿ 60000ದಿಂದ 61000ದ ಪೋರ್ಟ್ ತೆರೆದಿರಬೇಕು. ಏನನ್ನೇ ಮಾಡುವುದಿದ್ದರೂ ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ಟಿಮಕ್ಸ್ ಒಳಗೆ ಮಾಡಿ. ಇಲ್ಲದಿದ್ದರೆ ಅರ್ಧಕ್ಕೆ ಕಡಿದ ಅಪ್‌ಗ್ರೇಡ್‌ಗಾಗಿ ಘಟ್ಟ ಹತ್ತಿ ಹೋಗಬೇಕಾಗುತ್ತದೆ.

ಕೊನೆಗೆ ಉಳಿದ ದೂರು: ಸಂಜೆ ಐದಕ್ಕೆ ಎಲ್ಲ ನಿಧಾನ. ಆ ಹೊತ್ತಿಗೆ ದಿನದ ಬ್ಯಾಕಪ್ ಮೇಲೇರುತ್ತಿತ್ತು. ಪಿಂಗ್ 80ರಿಂದ ಸಾವಿರ ಮಿಲಿಸೆಕೆಂಡ್ ದಾಟುತ್ತಿತ್ತು, ನಷ್ಟ ಮಾತ್ರ ಇಲ್ಲ. ನಷ್ಟವಿಲ್ಲದೆ ತಡ ಮಾತ್ರ ಏರಿದರೆ ಅದು ಮೋಡೆಮಿನ ಕ್ಯೂ ತುಂಬಿದ ಲಕ್ಷಣ. ಪೈಯಿಂದ ರೂಟರ್‌ಗೆ ಹೋಗುವ ಇಂಟರ್‌ಫೇಸಿನಲ್ಲಿ ಕೇಕ್ ಎಂಬ, ಸರದಿ ಉದ್ದವಾಗದಂತೆ ನೋಡಿಕೊಳ್ಳುವ ಕ್ಯೂ ಹಾಕಿ, ಅಳೆದ ಅಪ್‌ಲೋಡ್‌ನ ಶೇಕಡಾ 85ಕ್ಕೆ ಮಿತಿ ಇಟ್ಟ ಮೇಲೆ ಪಿಂಗ್ 120 ದಾಟಲಿಲ್ಲ. ಮೊಬೈಲ್ ಲಿಂಕಿನ ವೇಗ ಗಳಿಗೆಗೊಂದು ತರ ಆಗುವುದರಿಂದ ಅಳತೆಯನ್ನು ಕೆಟ್ಟ ಹೊತ್ತಿನಲ್ಲೇ ತೆಗೆದುಕೊಳ್ಳಿ. ಬ್ಯಾಕಪ್ಪನ್ನು ರಾತ್ರಿ ಹನ್ನೊಂದಕ್ಕೆ ದೂಡಿ ಕಡತ ನಕಲಿಸುವ ಆರ್‌ಸಿಂಕ್‌ಗೆ ‘ಪಾರ್ಶಿಯಲ್’ ಆಯ್ಕೆ ಕೊಟ್ಟದ್ದಾಯಿತು. ಈಗ ನಡುವೆ ಕಡಿದರೂ ಅದು ನಿಂತಲ್ಲಿಂದ ಮುಂದುವರಿಯುತ್ತದೆ.